ಮನೆ ಮಾರೋದು ಬೇಡ ಅನ್ನಿಸಿದರೆ

ಕಟ್ಟಿಸಿದ ಮನೆ ಬಿಟ್ಟುಕೊಡಲು ಮನಸ್ಸು ಹಿಂದೇಟು ಹಾಕುವುದು ಸಹಜ. ಆದರೆ ಮಾರಿಸಿಕೊಡಲು ಕರಾರು ಮಾಡಿಕೊಂಡ ಬ್ರೋಕರ್‌ಗೆ ಫೋನಲ್ಲಿ ‘ಬೇಡ ಬಿಡಿ’ ಅಂದರೆ ಸಾಲದು. 1872ರ ಕರಾರು ಕಾಯ್ದೆ ಪ್ರಕಾರ, ಏಜೆಂಟರಿಗೆ, ಅಂದರೆ ಬ್ರೋಕರ್‌ಗೆ, ಕೊಟ್ಟ ಅಧಿಕಾರದ ರದ್ದತಿ ಅವರಿಗೆ ತಿಳಿದಾಗಲೇ ಅವರ ಮಟ್ಟಿಗೆ ಜಾರಿ. ಕೊಳ್ಳುವವರ ಮಟ್ಟಿಗೆ, ಅವರಿಗೆ ಗೊತ್ತಾದಾಗ. ಅಡ್ವಾನ್ಸ್ ಪಡೆಯುವ ಅಧಿಕಾರ ಕೊಟ್ಟಿದ್ದು, ಅಷ್ಟರೊಳಗೆ ಬ್ರೋಕರ್ ಯಾರಿಂದಲೋ ಪಡೆದಿದ್ದರೆ ತಕರಾರು ನಿಮ್ಮ ಕೊರಳಿಗೇ.

ಕರಾರಿನ ತಾರೀಖು, ಖಾತಾ ನಂಬರ್ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ರಸೀದಿ ಜೋಪಾನ. ವಾಟ್ಸಾಪ್‌ನಲ್ಲೂ ಹಾಕಿ. ಇಂತಿಷ್ಟು ತಿಂಗಳಿಗೆಂದು ಸಹಿ ಹಾಕಿ, ಸಕಾರಣವಿಲ್ಲದೆ ನಡುವೆ ಬಿಟ್ಟರೆ ಅದೇ ಕಾಯ್ದೆಯ ಕಲಂ 205ರಡಿ ಬ್ರೋಕರ್ ಪರಿಹಾರ ಕೇಳಬಹುದು. ಜಾಹೀರಾತಿನ ಖರ್ಚು ಕೊಟ್ಟು ‘ಬಾಕಿ ಏನೂ ಇಲ್ಲ’ ಎಂದು ಬರೆಸಿಕೊಳ್ಳುವುದೇ ವಾಸಿ. ನೋಂದಾಯಿತ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೊಟ್ಟಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರದ್ದುಪತ್ರ ನೋಂದಾಯಿಸಿ. ಕೀಲಿ, ಕ್ರಯಪತ್ರದ ಜೆರಾಕ್ಸ್ ವಾಪಸ್ ಪಡೆಯಿರಿ, ಆನ್‌ಲೈನ್ ಜಾಹೀರಾತು ತೆಗೆಸಿ.