ಸಿನಿಮಾ ನೋಡಿದರೆ ಒಂದು ದೇಶ ಅರ್ಥ ಆಗುತ್ತದಾ?

ಬೇರೆ ಬೇರೆ ದೇಶಗಳ ಹಳೇ ಸಿನಿಮಾ ಹುಡುಕಿ ನೋಡುತ್ತೇನೆ ಅಂತ ಗೊತ್ತಾದವರೆಲ್ಲ ನನ್ನನ್ನು ಕೇಳುವುದು ಒಂದೇ. "ಇಷ್ಟೆಲ್ಲ ನೋಡ್ತೀರಲ್ಲ, ಆ ಜನ ಎಂಥವರು ಅಂತ ತಿಳಿಯುತ್ತಾ?"

ಎಂಥವರು ಅಂತ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ತಮ್ಮ ಬಗ್ಗೆ ತಾವೇ ಏನು ನಂಬಿಕೊಂಡಿದ್ದಾರೆ, ಯಾವುದಕ್ಕೆ ಹೆದರುತ್ತಾರೆ ಅನ್ನುವುದು ಚೆನ್ನಾಗಿ ತಿಳಿಯುತ್ತದೆ.

ಅಮೆರಿಕದ ಕೌಬಾಯ್ ಸಿನಿಮಾಗಳನ್ನೇ ತಗೊಳ್ಳಿ. ಕುದುರೆ ಮೇಲೆ ಒಂಟಿ ಗಂಡಸು, ಸೊಂಟದಲ್ಲಿ ಪಿಸ್ತೂಲು, ಮುಂದೆ ಯಾರದ್ದೂ ಅಲ್ಲದ ಬಯಲು. ಪಶ್ಚಿಮದಲ್ಲಿ ಇನ್ನು ಗಡಿ ಅಂತ ಗೆರೆ ಎಳೆಯುವಷ್ಟು ಖಾಲಿ ಜಾಗ ಉಳಿದಿಲ್ಲ ಅಂತ ಅಲ್ಲಿನವರಿಗೆ ಗೊತ್ತಾಗಿದ್ದು 1890ರ ಜನಗಣತಿಯಲ್ಲಿ. ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು 1895ರಲ್ಲಿ. ಅಂದರೆ ಕ್ಯಾಮೆರಾ ಬರುವಷ್ಟರಲ್ಲಿ ಆ ಕಾಲವೇ ಮುಗಿದಿತ್ತು. ನಿಜವಾದ ಕೌಬಾಯ್‌ಗಳು ಸಂಬಳಕ್ಕೆ ದುಡಿಯುವ ಆಳುಗಳು, ಟೆಕ್ಸಾಸ್‌ನಿಂದ ಕ್ಯಾನ್ಸಾಸ್‌ನ ರೈಲು ನಿಲ್ದಾಣಗಳ ತನಕ ದನ ಹೊಡೆದುಕೊಂಡು ಹೋಗುತ್ತಿದ್ದವರು. ಅವರಲ್ಲಿ ಕಪ್ಪು ಜನ, ಮೆಕ್ಸಿಕನ್ನರು ಬಹಳ ಮಂದಿ ಇದ್ದರು. ಹಳೇ ಸಿನಿಮಾಗಳಲ್ಲಿ ಹುಡುಕಿ, ಅವರು ಕಾಣುವುದೇ ಅಪರೂಪ.

ಜಾನ್ ಫೋರ್ಡ್ ಅವರ 'ಸ್ಟೇಜ್‌ಕೋಚ್' ಬಂದದ್ದು 1939ರಲ್ಲಿ. ಅದರಲ್ಲಿ ಮಾನ್ಯುಮೆಂಟ್ ವ್ಯಾಲಿಯ ದೃಶ್ಯಗಳಿವೆ. ನೆಟ್ಟಗೆ ಎದ್ದು ನಿಂತ ಕಲ್ಲುಗುಡ್ಡಗಳು, ಕೆಳಗೆ ಕಂಡೂ ಕಾಣದಷ್ಟು ಚಿಕ್ಕದಾಗಿ ಓಡುವ ಕುದುರೆ ಗಾಡಿ. ನೋಡುತ್ತಾ ಕೂತರೆ ಇಲ್ಲಿ ಯಾರೂ ಇಲ್ಲ, ಮೊದಲು ಬಂದವರದ್ದೇ ನೆಲ ಅನ್ನಿಸಿಬಿಡುತ್ತದೆ. ಆದರೆ ಅದು ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ನೆಲ. ಸಿನಿಮಾದಲ್ಲಿ ಅಪಾಚೆಗಳಾಗಿ ಕಾಣಿಸಿಕೊಂಡವರಲ್ಲಿ ಅದೇ ನವಾಹೋ ಜನ ಇದ್ದರು. ತಮ್ಮ ನೆಲದಲ್ಲೇ ನಿಂತು, ಇನ್ನೊಂದು ಬುಡಕಟ್ಟಿನ ಹೆಸರಲ್ಲಿ, ಬೇರೆಯವರ ಕಥೆಗೆ ಶತ್ರುಗಳಾದರು. ನನಗೆ ಆ ಸಿನಿಮಾ ತುಂಬಾ ಇಷ್ಟ, ಇಷ್ಟ ಅನ್ನುವುದಕ್ಕೇ ಇದು ಜಾಸ್ತಿ ಚುಚ್ಚುತ್ತದೆ.

ಇನ್ನು ಹೆದರಿಕೆ. ಅದಕ್ಕೆ ಜಪಾನ್ ನೋಡಬೇಕು. 1954ರ ಮಾರ್ಚ್‌ನಲ್ಲಿ ಅಮೆರಿಕ ಬಿಕಿನಿ ದ್ವೀಪದಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ಬಿತ್ತು. ಅದೇ ವರ್ಷ ನವೆಂಬರ್‌ನಲ್ಲಿ, ಸಮುದ್ರದಿಂದ ಎದ್ದು ಬಂದು ಟೋಕಿಯೋ ಸುಡುವ ದೈತ್ಯ ಪ್ರಾಣಿಯ ಸಿನಿಮಾ 'ಗಾಡ್ಜಿಲ್ಲಾ' ಬಂತು. ಶುರುವಿನಲ್ಲೇ ಸಮುದ್ರದಲ್ಲಿ ಬೆಳಕು ಮಿಂಚುತ್ತದೆ, ಹಡಗು ಹೊತ್ತಿ ಉರಿಯುತ್ತದೆ. ಇದು ಯಾವುದರ ನೆನಪು ಅಂತ ಅಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿರಲಿಲ್ಲ, ಅಲ್ವಾ? ಆಮೇಲೆ ರೈಲಿನಲ್ಲಿ ಹೋಗುವ ಹೆಂಗಸೊಬ್ಬಳು ನಾಗಸಾಕಿಯಿಂದ ಹೇಗೋ ಬದುಕಿ ಬಂದ ಮಾತು ಆಡುತ್ತಾಳೆ. ಸುಮ್ನೆ ಹರಟೆಯ ನಡುವೆ ಬಂದು ಹೋಗುವ ಒಂದು ಮಾತು ಅದು.

1956ರಲ್ಲಿ ಇದೇ ಸಿನಿಮಾವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಒಬ್ಬ ಅಮೆರಿಕನ್ ವರದಿಗಾರನ ಪಾತ್ರವನ್ನು ಹೊಸದಾಗಿ ಸೇರಿಸಿದರು, ಬಾಂಬಿನ ಬಗ್ಗೆ ಇದ್ದ ಮಾತುಗಳನ್ನು ಬಹಳಷ್ಟು ಕತ್ತರಿಸಿದರು. ರೈಲಿನ ಆ ಮಾತೂ ಹೋಯಿತು. ಪ್ರಾಣಿ ಅದೇ, ಉರಿಯುವ ಟೋಕಿಯೋ ಅದೇ. ಹಾಗಾಗಿ ಪ್ರಶ್ನೆ ಕೇಳಿದವರಿಗೆಲ್ಲ ನಾನು ಈ ಎರಡನ್ನೂ ನೋಡಲು ಹೇಳುತ್ತೇನೆ, ಜಪಾನಿನದನ್ನು ಮೊದಲು.