ಹುಲ್ಲಿನ ಮೇಲೆ ಬಾಣಂತಿ

ನಿನ್ನೆ ರಾತ್ರಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1609ರಲ್ಲಿ ಬರೆದ ‘ಕುರುಬರ ಆರಾಧನೆ’ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮೂಲ ಚಿತ್ರ ಸಿಸಿಲಿಯ ಮೆಸ್ಸೀನಾ ಮ್ಯೂಸಿಯಂನಲ್ಲಿದೆ.

ಯೇಸು ಹುಟ್ಟಿದ ರಾತ್ರಿ. ಆದರೆ ಹಾಡುವ ದೇವದೂತರೇ ಇಲ್ಲ! ಕತ್ತಲ ಕೊಟ್ಟಿಗೆ, ಹಿಂದೆ ಎತ್ತು, ಕತ್ತೆ. ಮರಿಯಾ ನೆಲದಲ್ಲಿ, ಹುಲ್ಲಿನ ಮೇಲೆ ಒರಗಿದ್ದಾಳೆ. ಮಗು ಅವಳ ಮುಖಕ್ಕೆ ಅಂಟಿಕೊಂಡಿದೆ. ನನಗೆ ಕಂಡಿದ್ದು ಹೆರಿಗೆಯಾಗಿ ಸುಸ್ತಾದ ಬಾಣಂತಿ. ಪಕ್ಕದಲ್ಲೊಂದು ಬುಟ್ಟಿ, ಅದರಲ್ಲಿ ಬ್ರೆಡ್ಡು, ಬಟ್ಟೆ, ಬಡಗಿಯ ಸಾಮಾನು. ಬಡ ಸಂಸಾರದ ಆಸ್ತಿ ಅಷ್ಟೇ ಅಲ್ವಾ?

ಇದನ್ನು ಬರೆದದ್ದು ಕಪುಚಿನ್ ಸಂನ್ಯಾಸಿಗಳ ಚರ್ಚಿಗೆ. ಬಡತನವೇ ಅವರ ವ್ರತ. ಅವರಿಗೆ ಈ ನೆಲ, ಈ ಹುಲ್ಲು ಚೆನ್ನಾಗಿ ಅರ್ಥವಾಗಿರಬೇಕು.

ಬಗ್ಗಿ ನೋಡುತ್ತಿರುವ ಕುರುಬರ ಹಿಂದೆ ನಾನೂ ಸುಮ್ನೆ ನಿಂತಿದ್ದೆ, ತುಂಬಾ ಹೊತ್ತು.