ಕುದಿಯುವ ನೀರಿಗೂ ಜಗ್ಗದ ರೇಷ್ಮೆ ಎಳೆ

ರಾಮನಗರದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದನ್ನು ಮೊದಲ ಸಲ ನೋಡಿದಾಗ ನನಗೆ ಹೊಳೆದ ಪ್ರಶ್ನೆ ಇದು. ಗೂಡನ್ನು ಬಿಸಿನೀರಲ್ಲಿ ಬೇಯಿಸಿದರೆ ಮೇಲಿನ ಅಂಟು ಕರಗುತ್ತದೆ, ಒಳಗಿನ ಎಳೆಗೆ ಏನೂ ಆಗುವುದಿಲ್ಲ. ಎರಡೂ ಪ್ರೋಟೀನ್, ಎರಡನ್ನೂ ಮಾಡಿದ್ದು ಒಂದೇ ಹುಳು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಅಮೈನೋ ಆಮ್ಲಗಳಿಂದ. ಇವು ಮಣಿಗಳಂತೆ ಸರಪಳಿಯಾಗಿ ಪೋಣಿಸಿಕೊಂಡರೆ ಪ್ರೋಟೀನ್. ಅಂಟಿನ ಹೆಸರು ಸೆರಿಸಿನ್. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಸೆರಿನ್ ಅನ್ನುವ ಅಮೈನೋ ಆಮ್ಲ, ಇದಕ್ಕೆ ನೀರೆಂದರೆ ಬಲು ಇಷ್ಟ. ಎಳೆಯ ಪ್ರೋಟೀನ್ ಫೈಬ್ರಾಯಿನ್. ಅದರಲ್ಲಿ ಗ್ಲೈಸಿನ್ ಶೇ. 45ರಷ್ಟು, ಅಲನಿನ್ ಶೇ. 30ರಷ್ಟು, ಸೆರಿನ್ ಶೇ. 12ರಷ್ಟು.

ಇಲ್ಲೇ ನನಗೆ ಗೊಂದಲ ಆಗಿತ್ತು. ಅಲನಿನ್ ಇದ್ದರೆ ಸರಪಳಿ ಆಲ್ಫಾ ಹೆಲಿಕ್ಸ್ ಅನ್ನುವ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ, ಗ್ಲೈಸಿನ್ ತೀರಾ ಸಡಿಲ ಅಂತ ಕಾಲೇಜಲ್ಲಿ ಓದಿದ್ದೆ. ಅಲನಿನ್ ಇಷ್ಟಿದ್ದೂ ರೇಷ್ಮೆ ಸುರುಳಿ ಆಗಿಲ್ಲವಲ್ಲ! ಯಾವುದು ಎಷ್ಟಿದೆ ಅನ್ನುವುದಕ್ಕಿಂತ ಯಾವುದರ ಪಕ್ಕ ಯಾವುದು ಕೂತಿದೆ ಅನ್ನುವುದೇ ಇಲ್ಲಿ ಮುಖ್ಯ. ಫೈಬ್ರಾಯಿನ್‌ನಲ್ಲಿ ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರಿನ್ ಅಂತ ಸಾಲು ಮತ್ತೆ ಮತ್ತೆ ಬರುತ್ತದೆ. ಸರಪಳಿ ನೇರವಾಗಿ ಚಾಚಿಕೊಂಡಾಗ ಸೈಡ್ ಚೈನ್‌ಗಳು, ಅಂದರೆ ಪ್ರತಿ ಅಮೈನೋ ಆಮ್ಲದಿಂದ ಪಕ್ಕಕ್ಕೆ ಚಾಚಿರುವ ಭಾಗಗಳು, ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಬರುತ್ತವೆ, ಹಾಗಾಗಿ ಒಂದು ಬದಿಯಲ್ಲಿ ಬರೀ ಗ್ಲೈಸಿನ್, ಇನ್ನೊಂದು ಬದಿಯಲ್ಲಿ ಅಲನಿನ್ ಮತ್ತು ಸೆರಿನ್. ಎಲ್ಲವೂ ಪುಟ್ಟವು. ಗ್ಲೈಸಿನ್‌ಗಂತೂ ಸೈಡ್ ಚೈನ್ ಜಾಗದಲ್ಲಿ ಇರುವುದು ಒಂದೇ ಹೈಡ್ರೋಜನ್. ಅದಕ್ಕೇ ಪಕ್ಕಪಕ್ಕದ ಸರಪಳಿಗಳು ಹೈಡ್ರೋಜನ್ ಬಂಧದಿಂದ ಹಾಳೆಯಾಗಿ, ಆ ಬೀಟಾ ಹಾಳೆಗಳು ಒಂದರ ಮೇಲೊಂದು ಒತ್ತಾಗಿ ಕೂರುತ್ತವೆ. ನೀರು ಒಳಗೆ ನುಗ್ಗಲು ಜಾಗವೇ ಇಲ್ಲ. ಅಲ್ಲಿರುವ ಸೆರಿನ್ ಕೂಡ ಒಳಗೇ ಸಿಕ್ಕಿಕೊಂಡಿರುತ್ತದೆ. 1955ರಲ್ಲೇ ವಿಜ್ಞಾನಿಗಳಾದ ಮಾರ್ಷ್, ಕೋರಿ ಮತ್ತು ಪಾಲಿಂಗ್ ಇಂಥ ಮಾದರಿ ಕೊಟ್ಟಿದ್ದರು.

ಉಣ್ಣೆಯ ಪ್ರೋಟೀನ್ ಕೆರಾಟಿನ್ ಹಾಗಲ್ಲ, ಅದು ಸುರುಳಿ, ಎಳೆದರೆ ಹಿಗ್ಗುತ್ತದೆ. ರೇಷ್ಮೆಯ ಸರಪಳಿ ಮೊದಲೇ ಚಾಚಿಕೊಂಡಿದೆ, ಅಷ್ಟು ಹಿಗ್ಗುವುದಿಲ್ಲ.

ನನಗೆ ಎಲ್ಲಕ್ಕಿಂತ ಅಚ್ಚರಿ ಅಂದರೆ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳುವಿನ ಗ್ರಂಥಿಯಲ್ಲಿ ಇದೇ ಫೈಬ್ರಾಯಿನ್ ದ್ರವವಾಗಿರುತ್ತದೆ. ಚಂದ್ರಿಕೆಯಲ್ಲಿ, ಅಂದರೆ ಹುಳು ಗೂಡು ಕಟ್ಟಲು ಇಡುವ ತಟ್ಟೆಯಲ್ಲಿ, ಹುಳು ತಲೆ ಆಡಿಸುತ್ತಾ ಎಳೆ ಎಳೆಯುವಾಗ ಸರಪಳಿಗಳು ಒಂದೇ ದಿಕ್ಕಿಗೆ ಸಾಲಾಗುತ್ತವೆ, ಹಾಳೆಗಳು ಕೂಡಿಕೊಳ್ಳುತ್ತವೆ, ಆಮೇಲೆ ಅದು ನೀರಲ್ಲಿ ಕರಗುವುದಿಲ್ಲ. ಹಾಳೆಗಳ ನಡುವೆ ಟೈರೋಸಿನ್‌ನಂಥ ದಪ್ಪ ಅಮೈನೋ ಆಮ್ಲಗಳಿರುವ ಕಡೆ ಮಾತ್ರ ಈ ಜೋಡಣೆ ಅಸ್ತವ್ಯಸ್ತ, ಎಳೆ ಬಾಗುವುದು ಆ ಸಡಿಲ ಜಾಗಗಳಿಂದಲೇ.